ಒಂದೇ ನಂಬರಿನ ಎರಡು ಸ್ವಿಚ್ಚು

ಕೀಲಿ ತಿರುಗಿಸಿದರೆ ಎಂಜಿನ್ ಉಸಿರೆತ್ತುತ್ತಿರಲಿಲ್ಲ. ಚಳಿ ಜೋರಾಗಿದ್ದ ದಿನಗಳಲ್ಲಿ ಹೀಗಾಗುತ್ತಿತ್ತು, ಅದೂ ಎಲ್ಲ ಕಾರುಗಳಲ್ಲಲ್ಲ. ಅಮೆರಿಕದ ಜನರಲ್ ಮೋಟರ್ಸ್ ಆಗಷ್ಟೇ ಮಾರುಕಟ್ಟೆಗೆ ಬಿಟ್ಟಿದ್ದ ಸ್ಯಾಟರ್ನ್ ಅಯಾನ್ ಕೊಂಡವರು ಕೀಲಿ ತಿರುಗಿಸಿ ತಿರುಗಿಸಿ ಸೋತು ದೂರು ಕೊಟ್ಟರು. ದೂರುಗಳೆಲ್ಲ ಉರುಳುತ್ತ ಬಂದು ನಿಂತದ್ದು ರೇ ಡಿಜಾರ್ಜಿಯೊ ಎಂಬ ಎಂಜಿನಿಯರನ ಮೇಜಿನ ಮೇಲೆ. ಕೀಲಿಯ ಹಿಂದೆ ಅಡಗಿ ಕೂತು ಕಾರಿಗೆ ಕರೆಂಟು ಹಂಚುವ ಪುಟ್ಟ ಪೆಟ್ಟಿಗೆ, ಅಂದರೆ ಇಗ್ನಿಷನ್ ಸ್ವಿಚ್ಚು, ಅವನ ಪಾಲಿನ ಕೆಲಸ. ಆ ಪೆಟ್ಟಿಗೆ ಮೊದಲಿನಿಂದಲೂ ಅವನನ್ನು ಗೋಳು ಹೊಯ್ದುಕೊಂಡಿತ್ತು. 2002ರ ಒಂದು ಇಮೇಲಿನ ಕೊನೆಗೆ ತನ್ನ ಹೆಸರಿನ ನಡುವೆ, ಈ ನರಕದ ಸ್ವಿಚ್ಚಿನಿಂದ ಸುಸ್ತಾದವನು ಎಂದು ಸೇರಿಸಿ ಸಹಿ ಹಾಕಿದ್ದ. ಸ್ಟಾರ್ಟ್ ಆಗದ ರೋಗದ ಬೆನ್ನು ಹತ್ತಿ ಅವನು ಬಹಳ ಕಾಲ ತಲೆ ಕೆಡಿಸಿಕೊಂಡ.

ಅದೇ ಪೆಟ್ಟಿಗೆಗೆ ಇನ್ನೊಂದು ಕಾಯಿಲೆಯೂ ಇತ್ತು. ಕೀಲಿ ತಿರುಗಿಸಲು ಎಷ್ಟು ಬಲ ಬೇಕೆಂದು ಕಂಪನಿಯೇ ಲೆಕ್ಕ ಬರೆದಿತ್ತು: 20 ನ್ಯೂಟನ್-ಸೆಂಟಿಮೀಟರ್, ಐದು ಆಚೀಚೆಯಾದರೂ ನಡೆದೀತು. ಸ್ವಿಚ್ಚು ತಯಾರಿಸುತ್ತಿದ್ದ ಡೆಲ್ಫೈ ಕಂಪನಿಯ ಪರೀಕ್ಷೆಯಲ್ಲಿ ಅದು 15ನ್ನೂ ಮುಟ್ಟಲಿಲ್ಲ. ಬಿಗಿ ಹೆಚ್ಚಿಸಲು ಹೋದರೆ ಒಳಗಿನ ವಿದ್ಯುತ್ ಕೆಲಸ ಕೆಟ್ಟೀತು ಎಂಬ ಅಂಜಿಕೆಯಲ್ಲಿ ಡಿಜಾರ್ಜಿಯೊ ಅದನ್ನು ಹಾಗೇ ಬಿಡಲು ಹೇಳಿದ. ಸ್ಟಾರ್ಟ್ ಆಗದ ಕಾರು ಬೀದಿಯಲ್ಲಿ ನಿಂತು ರಂಪ ಮಾಡುತ್ತಿತ್ತು. ಸಡಿಲ ಕೀಲಿಯಾದರೋ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಅದರ ಮೇಲೆ ಯಾರು ದೂರು ಕೊಟ್ಟಾರು?

ಕೊಟ್ಟರು, ಸ್ವಲ್ಪ ತಡವಾಗಿ. ಅದೇ ಸ್ವಿಚ್ಚನ್ನು ಹೊಟ್ಟೆಯಲ್ಲಿಟ್ಟುಕೊಂಡು 2004ರಲ್ಲಿ ಷೆವ್ರೊಲೆ ಕೋಬಾಲ್ಟ್ ಹೊರಬಂತು. ಕಂಪನಿಯದೇ ಎಂಜಿನಿಯರೊಬ್ಬ ಅದನ್ನು ಓಡಿಸಿ ನೋಡುವಾಗ ಮೊಣಕಾಲು ಕೀಲಿಗೆ ತಾಗಿತು, ಎಂಜಿನ್ ಆರಿಹೋಯಿತು. 2005ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಬರೆಯುತ್ತಿದ್ದ ಕಾರು ವಿಮರ್ಶಕನ ಹೆಂಡತಿಗೂ ಅದೇ ಅನುಭವವಾಯಿತು. ಕಂಪನಿ ವಿಚಾರಣೆ ಶುರು ಮಾಡಿತು, ಖರ್ಚಿನ ಲೆಕ್ಕ ನೋಡಿತು, ಕಡತ ಮುಚ್ಚಿತು. ನಡುದಾರಿಯಲ್ಲಿ ಎಂಜಿನ್ ಆರುವುದನ್ನು ಗ್ರಾಹಕರ ಅನುಕೂಲದ ವಿಷಯವೆಂದು ಎಣಿಸಿದರೇ ಹೊರತು ಸುರಕ್ಷತೆಯ ವಿಷಯವೆಂದಲ್ಲ. 2005ರ ಡಿಸೆಂಬರಿನಲ್ಲಿ ಡೀಲರುಗಳಿಗೊಂದು ಸೂಚನಾಪತ್ರ ಹೋಯಿತು: ಕೀಲಿಗೊಂಚಲಿನ ಭಾರ ಇಳಿಸಿಕೊಳ್ಳಲು ಗಿರಾಕಿಗೆ ಹೇಳಿ.

ಗ್ಯಾರೇಜಿನವರನ್ನು ಆಡಿಕೊಳ್ಳುವಂತಿರಲಿಲ್ಲ. ಹಲ್ಲಿನ ಡಾಕ್ಟರ ಬಾಗಿಲಿಗೆ ಬಂದ ಕೂಡಲೇ ನೋವು ಮಾಯವಾಗುವ ಹಾಗೆ, ಕಾರು ತನ್ನ ಚಕ್ರದ ಮೇಲೆ ತಾನೇ ಉರುಳಿಕೊಂಡು ವರ್ಕ್‌ಶಾಪಿಗೆ ಬರುತ್ತಿತ್ತು. ಮೆಕ್ಯಾನಿಕ್ ಹತ್ತು ಸಲ ಕೀಲಿ ತಿರುಗಿಸಿದರೆ ಹತ್ತೂ ಸಲ ಸ್ಟಾರ್ಟ್ ಆಗುತ್ತಿತ್ತು. ಓಡುವ ಎಂಜಿನ್ ಆರಿತೆಂದರೆ ಕೈಪಳಗಿದ ಯಾವ ಮೆಕ್ಯಾನಿಕ್ಕೂ ಮೊದಲು ಅನುಮಾನಿಸುವುದು ಪೆಟ್ರೋಲ್ ಹರಿವಿನ ದಾರಿಯನ್ನು. ಕೀಲಿ ತಿರುಗಿಸಿ ರೋಗ ಹುಡುಕುತ್ತಿದ್ದವರ ಕೈಯಲ್ಲೇ ರೋಗವಿತ್ತು.

ಮೊದಲು ಎಳೆ ಹಿಡಿದವನು ಕಂಪನಿಯವನಲ್ಲ, ವಿಸ್ಕಾನ್ಸಿನ್ ರಾಜ್ಯದ ಒಬ್ಬ ಗಸ್ತು ಪೊಲೀಸ್. 2006ರ ಅಕ್ಟೋಬರಿನಲ್ಲಿ ಅಲ್ಲೊಂದು ಕೋಬಾಲ್ಟ್ ರಸ್ತೆ ಬಿಟ್ಟು ಮರಗಳಿಗೆ ಬಡಿದು ಇಬ್ಬರು ಹುಡುಗಿಯರು ಸತ್ತಿದ್ದರು. ಏರ್‌ಬ್ಯಾಗ್ ತೆರೆದಿರಲಿಲ್ಲ. ಕಾರಿನ ದಾಖಲೆಪೆಟ್ಟಿಗೆಯಲ್ಲಿ ಕೀಲಿ ಆಕ್ಸೆಸರಿ ಸ್ಥಾನದಲ್ಲಿತ್ತು ಎಂಬ ಗುರುತು ಸಿಕ್ಕಿತು. ರೇಡಿಯೊ ಕೇಳಲು ಸರಿ, ಎಂಜಿನ್ ಓಡಲು ಸಾಲದು. ಆತ ಹುಡುಕಿ ಆ ಡಿಸೆಂಬರಿನ ಸೂಚನಾಪತ್ರವನ್ನೂ ಕೆದಕಿ ತೆಗೆದ. ಸ್ವಿಚ್ಚು ಜಾರಿದ್ದಕ್ಕೂ ಏರ್‌ಬ್ಯಾಗ್ ತೆರೆಯದ್ದಕ್ಕೂ ಗಂಟು ಹಾಕಿ 2007ರ ಫೆಬ್ರವರಿಯ ವರದಿಯಲ್ಲಿ ಬರೆದಿಟ್ಟ. ಅದರ ಪ್ರತಿ ಜನರಲ್ ಮೋಟರ್ಸಿನ ಕಾನೂನು ವಿಭಾಗದ ಕಡತಕ್ಕೂ ಹೋಯಿತು. ಹೋಗಿ, ಅಲ್ಲೇ ಮಲಗಿತು.

2010ರ ಮಾರ್ಚ್ 10. ಜಾರ್ಜಿಯಾದಲ್ಲಿ ಮಳೆ ಸುರಿಯುತ್ತಿತ್ತು. ಮಕ್ಕಳ ನರ್ಸ್ ಆಗಿದ್ದ ಹೆಣ್ಣುಮಗಳೊಬ್ಬಳಿಗೆ ಅಂದು 29 ತುಂಬಿತ್ತು. ಕೆಲವೇ ದಿನ ಹಿಂದೆ ಅವಳ ಕೋಬಾಲ್ಟ್ ಓಡುತ್ತಿದ್ದಂತೆ ಆರಿಹೋಗಿತ್ತು. ಅಪ್ಪನ ಮಾತಿನಂತೆ ಡೀಲರನ ಬಳಿ ಬಿಟ್ಟಳು, ಅವರು ಇಂಧನ ವ್ಯವಸ್ಥೆ ಶುಚಿ ಮಾಡಿಕೊಟ್ಟರು, ಹುಟ್ಟುಹಬ್ಬದ ಹಿಂದಿನ ದಿನ ಕಾರನ್ನು ಮನೆಗೆ ತಂದಿದ್ದಳು. ಆ ಸಂಜೆ ಕಾರು ಹಿಡಿತ ತಪ್ಪಿ ಎದುರಿನ ವಾಹನಕ್ಕೆ ಸಿಕ್ಕು ತೊರೆಗೆ ಉರುಳಿತು, ಅವಳು ಬದುಕಲಿಲ್ಲ. ಒದ್ದೆ ರಸ್ತೆಯಲ್ಲಿ ವೇಗ ಹೆಚ್ಚಾಯಿತು ಎಂದು ಪೊಲೀಸರು ಬರೆದುಕೊಂಡರು. ಅಪ್ಪ ಅಮ್ಮ ಮಾತ್ರ ಆ ಸಾಲನ್ನು ನುಂಗಿಕೊಳ್ಳಲಿಲ್ಲ. ಮರಿಯೆಟ್ಟಾದ ವಕೀಲ ಲ್ಯಾನ್ಸ್ ಕೂಪರ್ ಬಳಿ ಹೋದರು. ದಾಖಲೆಪೆಟ್ಟಿಗೆ ಬಿಚ್ಚಿದರೆ ಇಲ್ಲೂ ಅದೇ ಕತೆ: ಡಿಕ್ಕಿಗೆ ಕೆಲವೇ ಸೆಕೆಂಡು ಮುಂಚೆ ಕೀಲಿ ಆಕ್ಸೆಸರಿಗೆ ಜಾರಿತ್ತು.

ಅತ್ತ ಕಂಪನಿಯ ಒಳಗೂ ಹುಡುಕಾಟ ನಡೆದಿತ್ತು, ಆದರೆ ಅವರ ಒಗಟು ಬೇರೆ. ಕೋಬಾಲ್ಟಿನ ಏರ್‌ಬ್ಯಾಗ್ ಯಾಕೆ ತೆರೆಯುತ್ತಿಲ್ಲ ಎಂಬುದು ಒಂದು. 2007ರ ನಂತರದ ಮಾಡೆಲ್ಲುಗಳಲ್ಲಿ ಈ ಕಾಟ ತನ್ನಷ್ಟಕ್ಕೆ ನಿಂತದ್ದು ಹೇಗೆ ಎಂಬುದು ಇನ್ನೊಂದು. 2012ರಲ್ಲಿ ಕೆಲವು ಎಂಜಿನಿಯರುಗಳು ಗುಜರಿ ಅಂಗಳಕ್ಕೆ ಹೋದರು. ಕೀಲಿಯ ಬಿಗಿ ಅಳೆಯಲು ಅವರ ಕೈಯಲ್ಲಿದ್ದದ್ದು ಮೀನು ತೂಗುವ ತಕ್ಕಡಿ, ಗಾಳ-ಎರೆ ಮಾರುವ ಅಂಗಡಿಯಿಂದ ತಂದದ್ದು. ಜಗತ್ತಿನ ದೈತ್ಯ ಕಾರು ಕಂಪನಿಯ ಜನ ಜಖಂ ಕಾರುಗಳ ನಡುವೆ ಬಗ್ಗಿ ಕೂತು ಕೀಲಿಗೆ ತಕ್ಕಡಿ ಸಿಕ್ಕಿಸಿ ಎಳೆದು ನೋಡಿದರು. ಹಳೆಯ ಕಾರುಗಳಲ್ಲಿ ಬಿಗಿ ಕಡಿಮೆ, ಹೊಸವುಗಳಲ್ಲಿ ಹೆಚ್ಚು. ಸ್ವಿಚ್ಚನ್ನು ಎಂದಾದರೂ ಬದಲಿಸಿದ್ದೀಯಾ ಎಂದು ಡಿಜಾರ್ಜಿಯೊನನ್ನು ಕೇಳಿದರು. ಇಲ್ಲ ಎಂದ. ಕಾಗದಪತ್ರಗಳೂ ಅದನ್ನೇ ಹೇಳಿದವು, ಮೊದಲಿನಿಂದ ಕೊನೆಯವರೆಗೆ ಒಂದೇ ಬಿಡಿಭಾಗ, ಒಂದೇ ನಂಬರು. ತಕ್ಕಡಿ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಮನುಷ್ಯ.

ಕೂಪರ್ ನೇಮಿಸಿದ ತಜ್ಞ ಮಾರ್ಕ್ ಹುಡ್ ಫ್ಲಾರಿಡಾದ ಪೆನ್ಸಕೋಲದವನು. ಸತ್ತ ನರ್ಸಿನ ಕಾರಿನ ಸ್ವಿಚ್ಚು ಅವನ ಮೇಜಿಗೆ ಬಂತು. ಫೋಟೊ ತೆಗೆದ, ಎಕ್ಸ್‌ರೇ ಮಾಡಿದ, ಬಿಚ್ಚಿ ಹರಡಿದ. ಮುರಿದದ್ದಿಲ್ಲ, ಸುಟ್ಟದ್ದಿಲ್ಲ. ಕೀಲಿ ಹಗುರಕ್ಕೆ ಜಾರುತ್ತಿತ್ತು ಎಂಬುದು ನಿಜ, ಆದರೆ ಯಾವುದಕ್ಕೆ ಹೋಲಿಸಿ ಹಗುರ? ಒಂದೇ ವಸ್ತುವನ್ನು ಎಷ್ಟು ದಿಟ್ಟಿಸಿದರೂ ಅದು ತನ್ನ ಊನವನ್ನು ತಾನೇ ಹೇಳಿಕೊಳ್ಳಲಿಲ್ಲ. ಕೊನೆಗೆ ಅವನು ಡೀಲರನ ಅಂಗಡಿಯಿಂದ ಸುಮಾರು 30 ಡಾಲರ್ ಕೊಟ್ಟು ಅದೇ ನಂಬರಿನ ಹೊಸ ಸ್ವಿಚ್ಚೊಂದನ್ನು ತಂದ. ಹಳೆಯದರ ನಂಬರು 10392423. ಹೊಸದರದ್ದೂ 10392423.

ಹೊರಗಿನಿಂದ ಅವಳಿಜವಳಿ. ಕೀಲಿ ತಿರುಗಿಸಿದರೆ ಹೊಸದು ಕೈಗೆ ಎದುರು ಕೊಟ್ಟಿತು. ಹುಡ್ ಅದನ್ನೂ ಬಿಚ್ಚಿದ. ಒಳಗಿನ ಸ್ಪ್ರಿಂಗು ಹೆಚ್ಚು ಅದುಮಿಕೊಂಡು ಕೂತಿತ್ತು. ಅದರ ತುದಿಗಿದ್ದ ಲೋಹದ ಪುಟ್ಟ ಕಡ್ಡಿಯನ್ನು ಹಳೆಯದರ ಪಕ್ಕಕ್ಕಿಟ್ಟು ಅಳೆದರೆ ಸುಮಾರು 1.6 ಮಿಲಿಮೀಟರ್ ಉದ್ದ ಹೆಚ್ಚು. ಎರಡು ಅಕ್ಕಿಕಾಳಿನ ದಪ್ಪವೂ ಅಲ್ಲದ ಅಂತರ. ಯಾರೋ ಯಾವಾಗಲೋ ಸದ್ದಿಲ್ಲದೆ ಬಿಡಿಭಾಗ ಸರಿಪಡಿಸಿದ್ದರು, ಮೇಲಿನ ನಂಬರನ್ನು ಮಾತ್ರ ಮುಟ್ಟಿರಲಿಲ್ಲ.

2013ರ ಏಪ್ರಿಲ್ 29ರಂದು ಡಿಜಾರ್ಜಿಯೊ ಪ್ರಮಾಣ ಮಾಡಿ ಕೂಪರನ ಎದುರು ಕುಳಿತ. ಕೂಪರ್ ಎರಡು ಸ್ವಿಚ್ಚುಗಳ ಚಿತ್ರಗಳನ್ನು ಅವನ ಮುಂದಿಟ್ಟ. ಕಡ್ಡಿಗಳು ಬೇರೆ ಬೇರೆ ಎಂದು ಆತ ಒಪ್ಪಿದ. ಬದಲಾವಣೆಗೆ ತಾನು ಸಮ್ಮತಿ ಕೊಟ್ಟದ್ದು ಗೊತ್ತಿಲ್ಲ ಎಂದ. ಸುದ್ದಿ ಕಂಪನಿಗೆ ಮುಟ್ಟಿತು. ಇಷ್ಟು ವರ್ಷ ತಮ್ಮ ಕೈಗೆ ಸಿಗದ ಉತ್ತರವನ್ನು ಹೊರಗಿನ ಒಬ್ಬ ಎಂಜಿನಿಯರ್ 30 ಡಾಲರಿಗೆ ಕೊಂಡು ತಂದಿದ್ದ! ಅದೇ ವರ್ಷದ ಅಕ್ಟೋಬರಿನಲ್ಲಿ ಡೆಲ್ಫೈ ತನ್ನ ಹಳೆಯ ಕಾಗದಗಳಿಂದ ಒಂದು ಹಾಳೆ ಹೊರತೆಗೆದು ಕೊಟ್ಟಿತು. ಕಡ್ಡಿ ಬದಲಿಸಲು ಒಪ್ಪಿಗೆ, 2006ರ ಏಪ್ರಿಲ್ 26. ಕೆಳಗಿದ್ದ ಸಹಿ ರೇ ಡಿಜಾರ್ಜಿಯೊನದು. ನೆನಪಿಲ್ಲ ಎಂದೇ ಆತ ಮುಂದೆಯೂ ಹೇಳಿದ.

ಒಗಟು ಬಿಡಿಸಿದಾಗ ಇದ್ದದ್ದು ಇಷ್ಟೇ. ಕೀಲಿ ತಿರುಗಿದಾಗ ಒಳಗಿನ ಆ ಕಡ್ಡಿ ಏರು-ತಗ್ಗಿನ ಹಾದಿಯ ಮೇಲೆ ಸಾಗಿ, ಒಂದೊಂದು ಸ್ಥಾನಕ್ಕೂ ಒಂದು ತಗ್ಗಿನಲ್ಲಿ ಟಕ್ಕೆಂದು ಕೂರಬೇಕಿತ್ತು. ಕಡ್ಡಿ ಗಿಡ್ಡವಾದ್ದರಿಂದ ಸ್ಪ್ರಿಂಗಿನ ಒತ್ತಡ ಸಾಲದೆ ಕೂರುವಿಕೆ ಸಡಿಲವಾಯಿತು. ಗೊಂಚಲಿನ ಭಾರ, ರಸ್ತೆಯ ಗುಂಡಿ, ಮೊಣಕಾಲಿನ ತಾಗು, ಯಾವುದಾದರೊಂದು ಸಾಕಿತ್ತು ಕೀಲಿ ಹಿಂದಕ್ಕೆ ಜಾರಲು. ಎಂಜಿನ್ನಿನ ಜೊತೆಗೆ ಸ್ಟಿಯರಿಂಗಿನ ನೆರವೂ ಹೋಗುತ್ತಿತ್ತು, ಏರ್‌ಬ್ಯಾಗಿಗೆ ಅಪ್ಪಣೆ ಕೊಡುವ ಯಂತ್ರಕ್ಕೆ ಕರೆಂಟೂ ನಿಲ್ಲುತ್ತಿತ್ತು. 2014ರ ಫೆಬ್ರವರಿಯಲ್ಲಿ ಕಾರುಗಳನ್ನು ವಾಪಸ್ ಕರೆಯಲು ಶುರು ಮಾಡಿದ ಕಂಪನಿ, ಮಾರ್ಚ್ ಮುಗಿಯುವಾಗ 26 ಲಕ್ಷಕ್ಕೆ ಮುಟ್ಟಿತ್ತು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ದುರಸ್ತಿಯಾಗುವ ತನಕ ಗೊಂಚಲಿನಿಂದ ಉಳಿದದ್ದೆಲ್ಲ ಕಳಚಿ ಒಂಟಿ ಕೀಲಿಯಲ್ಲೇ ಕಾರು ಓಡಿಸಿ ಎಂದು ಮಾಲೀಕರಿಗೆ ಸೂಚನೆ ಹೋಯಿತು. 2005ರ ಡಿಸೆಂಬರಿನ ಪತ್ರ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.