ಹೆಗಲಿಗೆ ಒಪ್ಪುವ ಕೋವಿ

ಅಮೆರಿಕದ ಅರ್ಕನ್ಸಾ ರಾಜ್ಯದ ಸ್ಟಟ್‌ಗಾರ್ಟ್ ಸುತ್ತಮುತ್ತ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆಗಳು. ಕೊಯ್ಲಾದ ಮೇಲೆ ಎಷ್ಟೋ ರೈತರು ಗದ್ದೆಗೆ ನೀರು ನಿಲ್ಲಿಸುತ್ತಾರೆ. ಉದುರಿದ ಕಾಳಿಗಾಗಿ, ಆ ನೀರಿಗಾಗಿ ಉತ್ತರದಿಂದ ಮಿಸಿಸಿಪಿ ನದಿಯ ಜಾಡು ಹಿಡಿದು ಮಲಾರ್ಡ್ ಬಾತುಗಳು ಬಂದಿಳಿಯುತ್ತವೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನಾನು ಕೆಲಸದ ನೆಪದಲ್ಲಿ ಈ ಸೀಮೆಗೆ ಬಂದು ನೆಲೆಸಿದೆ. ಇಲ್ಲಿನ ಚಳಿಗಾಲದ ಬಾತು ಶಿಕಾರಿ ಕಲಿತೆ. ಊರಿನಿಂದ ಫೋನ್ ಮಾಡುವ ನಂಟರು ಮೊದಲು ಕೇಳುವುದೇ, 'ಯಾವ ಕೋವಿ ಮಾರಾಯ?'

ಕೋವಿಯ ಮಾತಿಗೆ ಮುಂಚೆ ಒಂದು ವಿಷಯ ಹೇಳಿಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಮುಗಿಯಿತು, ಮುಗಿದದ್ದೇ ಸರಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ದುರ್ಬೀನಿನಲ್ಲಿ ನೋಡುವುದೇ ನಮಗೆ ಚೆಂದ. ಇಲ್ಲಿನ ಲೆಕ್ಕ ಬೇರೆ. ಶಿಕಾರಿಗೆ ಲೈಸೆನ್ಸ್ ಬೇಕು, ಗೊತ್ತಾದ ದಿನಗಳಿವೆ, ದಿನಕ್ಕೆ ಇಷ್ಟೇ ಹಕ್ಕಿ ಎಂಬ ಮಿತಿಯಿದೆ. 1934ರಿಂದ ಬಾತು ಶಿಕಾರಿಯವರೆಲ್ಲ ಕೇಂದ್ರ ಸರ್ಕಾರದ 'ಡಕ್ ಸ್ಟಾಂಪ್' ಕೊಳ್ಳಬೇಕು. ಆಗ ಒಂದು ಡಾಲರ್ ಇದ್ದದ್ದು ಈಗ 25 ಡಾಲರ್. ಆ ಹಣದ ಬಹುಪಾಲು ಜೌಗು ನೆಲ ಉಳಿಸಲು ಹೋಗುತ್ತದೆ. ನಾನು ಈ ಶಿಕಾರಿಗೆ ಮನಸ್ಸು ಕೊಟ್ಟದ್ದು ಈ ವ್ಯವಸ್ಥೆಯನ್ನು ನೋಡಿಯೇ.

ಇನ್ನು ಕೋವಿ. ಹಾರುವ ಬಾತಿಗೆ ಬೇಕಾದದ್ದು ಒಂಟಿ ಗುಂಡಿನ ರೈಫಲ್ ಅಲ್ಲ, ಚರೆ ಹಾರಿಸುವ ಶಾಟ್‌ಗನ್. ಅದರ ನಳಿಗೆಯ ಅಗಲವನ್ನು 'ಗೇಜ್' ಎಂದು ಅಳೆಯುತ್ತಾರೆ. ಒಂದು ಪೌಂಡ್ ಸೀಸವನ್ನು ಸಮನಾದ ಹನ್ನೆರಡು ಉಂಡೆ ಮಾಡಿದರೆ ಒಂದು ಉಂಡೆ ಹಿಡಿಯುವ ನಳಿಗೆಯೇ 12 ಗೇಜ್, ಸುಮಾರು ಹದಿನೆಂಟೂವರೆ ಮಿಲಿಮೀಟರ್. ಅಂಕಿ ಹೆಚ್ಚಿದಷ್ಟೂ ನಳಿಗೆ ಸಣ್ಣದು. 20 ಗೇಜ್ ಹಗುರ, ಹತ್ತಿರದ ಹಕ್ಕಿಗೆ ಸಾಕು. ಆದರೆ ಬಾತಿನ ಗರಿ ದಪ್ಪ, ಮೈ ಗಟ್ಟಿ. ಆದ್ದರಿಂದ ಹೆಚ್ಚಿನವರ ಕೈಯಲ್ಲಿರುವುದು 12.

ಅಂಗಡಿಗೆ ಹೋದರೆ ಮೂರು ಜಾತಿ ಕಣ್ಣಿಗೆ ಬೀಳುತ್ತವೆ. ಜೋಡುನಳಿಗೆಯದು ನೋಡಲು ಸೊಗಸು, ಆದರೆ ಎರಡೇ ಈಡು. ಒಳ್ಳೆಯದರ ಬೆಲೆಯೂ ಹೆಚ್ಚು, ಅದನ್ನು ಕೆಸರಿಗಿಳಿಸಲು ಮನಸ್ಸು ಬಾರದು. ಎರಡನೆಯದು ತಾನೇ ತೋಟಾ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್. ಜಾನ್ ಬ್ರೌನಿಂಗ್ ರೂಪಿಸಿದ ಆಟೊ-5 ಈ ವಂಶದ ಹಿರಿಯ. ಬೆನ್ನು ಗೂನಾದ ಆ ಕೋವಿ 1902ರ ಹೊತ್ತಿಗೆ ಬೆಲ್ಜಿಯಂನಲ್ಲಿ ತಯಾರಾಗತೊಡಗಿತು. ಈಗಿನವುಗಳಲ್ಲಿ ಕೆಲವು ಮದ್ದಿನ ಅನಿಲದ ಒತ್ತಡದಿಂದ ನಡೆಯುತ್ತವೆ. ಅವು ಹೆಗಲಿಗೆ ಮೃದು, ಆದರೆ ಒಳಗೆ ಮಸಿ ಕಟ್ಟುತ್ತದೆ. ಇಟಲಿಯ ಬೆನೆಲಿಯಂಥವು ಒದೆತದ ಜಡತ್ವದಿಂದಲೇ ನಡೆಯುತ್ತವೆ; ಒಳಗೆ ಶುಚಿ, ಹೊಡೆತ ತುಸು ಗಡುಸು. ಮೂರನೆಯದು ಪಂಪ್: ಎಡಗೈಯಿಂದ ಮುಂಗೈಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಸುಟ್ಟ ತೋಟಾ ಹೊರಬಿದ್ದು ಹೊಸದು ಒಳಗೆ ಕೂರುತ್ತದೆ.

ನನ್ನದು ಪಂಪ್, ರೆಮಿಂಗ್ಟನ್ 870. 1950ರಲ್ಲಿ ಬಂದ ಈ ಮಾದರಿ ಈವರೆಗೆ ಒಂದು ಕೋಟಿಗೂ ಹೆಚ್ಚು ತಯಾರಾಗಿದೆ. ಅಷ್ಟು ಜನ ಕೊಂಡರೆಂದು ನಾನು ಕೊಳ್ಳಲಿಲ್ಲ. ಬಾತು ಶಿಕಾರಿ ಎಂದರೆ ಸೊಂಟದವರೆಗೆ ನೀರು, ಹೆಪ್ಪುಗಟ್ಟುವ ಚಳಿ, ದಪ್ಪ ಕೈಗವಸು, ಒದ್ದೆ ನಾಯಿ, ದೋಣಿಯ ತಳದ ಕೆಸರು. ಚಳಿಗೆ ಎಣ್ಣೆ ಮಂದವಾದರೂ ಪಂಪ್ ನನ್ನ ತೋಳಬಲದಿಂದ ನಡೆಯುತ್ತದೆ. ಮನೆಗೆ ಬಂದ ಮೇಲೆ ಎರಡು ಪಿನ್ನು ತಳ್ಳಿದರೆ ಟ್ರಿಗರ್ ಭಾಗ ಪೂರ್ತಿ ಕೈಗೆ ಬರುತ್ತದೆ, ಮುಂದಿನ ಮುಚ್ಚಳ ತಿರುಗಿಸಿದರೆ ನಳಿಗೆ ಕಳಚುತ್ತದೆ. ಅಡುಗೆಮನೆಯ ಮೇಜಿನ ಮೇಲೆಯೇ ಒರೆಸಿ, ಒಣಗಿಸಿ, ಎಣ್ಣೆ ಸವರಿ ಇಡಬಹುದು. ವಲಸೆ ಹಕ್ಕಿಗಳ ಶಿಕಾರಿಯಲ್ಲಿ ಕೋವಿಯೊಳಗೆ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯಬಾರದೆಂಬುದು ಕಾನೂನು. ಹೆಚ್ಚು ಹಿಡಿಯದಂತೆ ತೋಟಾ ಕೊಳವೆಯೊಳಗೆ ಒಂದು ಕಡ್ಡಿ ಹಾಕಿರುತ್ತಾರೆ.

ಇಷ್ಟೆಲ್ಲ ಇದ್ದರೂ ಕೋವಿ ಮೈಗೆ ಒಪ್ಪದಿದ್ದರೆ ಕೆಲಸವಿಲ್ಲ. ಚರೆ ಕೋವಿಗೆ ರೈಫಲ್ಲಿನ ಹಾಗೆ ಹಿಂಬದಿಯ ಗುರಿಗಣ್ಣು ಇರುವುದಿಲ್ಲ, ನಮ್ಮ ಕಣ್ಣೇ ಆ ಗುರಿಗಣ್ಣು. ಕೆನ್ನೆ ಹಿಡಿಯ ಮೇಲೆ ಪ್ರತಿ ಸಲವೂ ಒಂದೇ ಜಾಗಕ್ಕೆ ಬರಬೇಕು. ಪರೀಕ್ಷೆ ಸುಲಭ: ತೋಟಾ ಇಲ್ಲವೆಂದು ಎರಡೆರಡು ಸಲ ನೋಡಿಕೊಂಡು, ಕಣ್ಣು ಮುಚ್ಚಿ, ಕೋವಿ ಎತ್ತಿ ಹೆಗಲಿಗೆ ಕೊಡಿ. ಕಣ್ಣು ತೆರೆದಾಗ ನಳಿಗೆಯ ತುದಿಯ ಮಣಿ ನೇರ ಎದುರಿಗಿರಬೇಕು. ಇಲ್ಲಿನ ಕೋವಿಗಳ ಹಿಡಿ ಸಾಮಾನ್ಯವಾಗಿ ಟ್ರಿಗರಿನಿಂದ ಹದಿನಾಲ್ಕು ಇಂಚಿಗೂ ಉದ್ದ. ನಾನು ಗಿಡ್ಡ ಆಳು, ಮೇಲೆ ಚಳಿಗಾಲದ ದಪ್ಪ ಕೋಟು ಬೇರೆ. ಕೋವಿ ರಿಪೇರಿಯವನ ಬಳಿ ಅರ್ಧ ಇಂಚು ಕೊಯ್ಸಿದೆ. ನನ್ನ ಈಡು ಸುಧಾರಿಸಿದ್ದು ಹೊಸ ಕೋವಿಯಿಂದಲ್ಲ, ಆ ಅರ್ಧ ಇಂಚಿನಿಂದ.

ಇಲ್ಲಿನವರು ಅಭಿಮಾನದಿಂದ ಹೇಳುವ 'ಬೊ ವೂಪ್' ಕಥೆಯೂ ಇದೇ ಅಳತೆಯದು. ಲೇಖಕ ನ್ಯಾಶ್ ಬಕಿಂಗ್‌ಹ್ಯಾಮ್ ದೂರದ ಬಾತುಗಳಿಗೆಂದೇ ತನಗೆ ಬೇಕಾದಂತೆ ಮಾಡಿಸಿಕೊಂಡ ಭಾರದ ಫಾಕ್ಸ್ ಜೋಡುನಳಿಗೆ ಅದು. ಸದ್ದಿನಿಂದಲೇ ಆ ಹೆಸರು. 1948ರಲ್ಲಿ ಅರ್ಕನ್ಸಾದಲ್ಲಿ ಶಿಕಾರಿ ಮುಗಿಸಿ ಬರುವಾಗ ಕಾರಿನ ಫೆಂಡರ್ ಮೇಲೆ ಇಟ್ಟದ್ದು ಹಾಗೇ ಉಳಿದು ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಅರ್ಧ ಶತಮಾನದ ಮೇಲೆ ಪತ್ತೆಯಾಗಿ 2010ರಲ್ಲಿ ಎರಡು ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಕೊಂಡವರು ಅದನ್ನು ಜೌಗು ನೆಲ ಉಳಿಸುವ 'ಡಕ್ಸ್ ಅನ್‌ಲಿಮಿಟೆಡ್' ಸಂಸ್ಥೆಗೆ ಕೊಟ್ಟುಬಿಟ್ಟರು.

ಆ ಕಾಲದ ಕೋವಿಗಳು ಸೀಸದ ಚರೆಗೆಂದು ಹುಟ್ಟಿದವು. ನೀರಿನ ತಳಕ್ಕೆ ಬಿದ್ದ ಸೀಸವನ್ನು ಬಾತುಗಳು ಮರಳುಕಲ್ಲೆಂದು ನುಂಗುತ್ತವೆ, ಹೊಟ್ಟೆಯಲ್ಲಿ ಅದು ಅರೆದು ವಿಷವಾಗುತ್ತದೆ. ಅಂಥ ಬಾತನ್ನು ತಿಂದ ಹದ್ದೂ ಸಾಯುತ್ತದೆ. 1991ರಿಂದ ಅಮೆರಿಕದಲ್ಲೆಲ್ಲ ನೀರುಹಕ್ಕಿ ಶಿಕಾರಿಗೆ ಸೀಸ ನಿಷಿದ್ಧ. ಅದರ ಬದಲು ಬಂದ ಉಕ್ಕು ಹಗುರ, ಬೇಗ ವೇಗ ಕಳೆದುಕೊಳ್ಳುತ್ತದೆ. ಆದ್ದರಿಂದ ಚರೆ ಎರಡು ಅಳತೆ ದಪ್ಪ ಇರಬೇಕು: ಸೀಸದಲ್ಲಿ 6ನೇ ನಂಬರ್ ಸಾಕಾಗುತ್ತಿದ್ದಲ್ಲಿ ಉಕ್ಕಿನಲ್ಲಿ 4. ಉಕ್ಕು ಮೆತ್ತಗಾಗುವುದೂ ಇಲ್ಲ. ನಳಿಗೆಯ ತುದಿ ತೀರ ಬಿಗಿಯಾಗಿದ್ದರೆ ಹಳೆಯ ಕೋವಿಗೆ ಪೆಟ್ಟು. ಅಜ್ಜನ ಜೋಡುನಳಿಗೆಯನ್ನು ಗೋಡೆಗೆ ತೂಗುಹಾಕಿ ಗೌರವಿಸಿ, ಅದರಲ್ಲಿ ಉಕ್ಕಿನ ಚರೆ ಹಾರಿಸಬೇಡಿ. ಬಿಸ್ಮತ್ ಚರೆ ಮೆತ್ತಗಿದೆ, ಹಳೆಯ ನಳಿಗೆಗೆ ಅನುಕೂಲ, ಬೆಲೆ ಮಾತ್ರ ಬಹಳ.

ಕೊಂಡ ಮೇಲೆ ನಲವತ್ತು ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ, ಹೊಡೆದು, ಮೂವತ್ತು ಇಂಚಿನ ವೃತ್ತದೊಳಗೆ ಎಷ್ಟು ಚರೆ ಬಿದ್ದಿವೆ, ಎಲ್ಲಿ ಖಾಲಿ ಉಳಿದಿದೆ ನೋಡಬೇಕು. ಒಂದೇ ಕೋವಿ ಒಂದು ಕಂಪನಿಯ ತೋಟಾವನ್ನು ಚೆನ್ನಾಗಿ ಹರಡುತ್ತದೆ, ಇನ್ನೊಂದರದ್ದನ್ನು ಚೆಲ್ಲಾಪಿಲ್ಲಿ ಮಾಡುತ್ತದೆ. ಚರೆಯ ನಡುವಿನ ಆ ಖಾಲಿ ಜಾಗದಲ್ಲಿ ಸಿಕ್ಕ ಹಕ್ಕಿ ಗಾಯಗೊಂಡು, ಜೊಂಡಿನಲ್ಲಿ ಅಡಗಿ, ನಾಯಿಗೂ ಸಿಗದೆ ನರಳಿ ಸಾಯುತ್ತದೆ. ಅದನ್ನು ತಪ್ಪಿಸುವುದು ಬೆಲೆಯ ಕೋವಿಯಲ್ಲ, ಈ ಕಾಗದದ ಲೆಕ್ಕ ಮತ್ತು ದೂರದ ಹಕ್ಕಿಗೆ ಹೊಡೆಯದೆ ಸುಮ್ಮನಿರುವ ತಾಳ್ಮೆ. ಮೂರೂವರೆ ಇಂಚಿನ ಭಾರಿ ತೋಟಾದ ಆಸೆ ಹೊಸಬರಿಗೆ ಸಹಜ. ಅದರ ಒದೆತಕ್ಕೆ ಹೆದರಿ ಕಣ್ಣು ಮುಚ್ಚುವವರನ್ನು ಬಹಳ ನೋಡಿದ್ದೇನೆ. ಮೂರು ಇಂಚಿನದು ಧಾರಾಳ ಸಾಕು.

ಕೇಳಿದವರಿಗೆ ನಾನು ಹೇಳುವುದಿಷ್ಟು: ಮೊದಲು ಮಣ್ಣಿನ ಬಿಲ್ಲೆ ಹಾರಿಸುವ ಮೈದಾನಕ್ಕೆ ಹೋಗಿ, ಗೆಳೆಯರ ಪಂಪ್, ಸೆಮಿ ಆಟೊಮ್ಯಾಟಿಕ್ ಎರಡನ್ನೂ ಕೋಟು ಹಾಕಿಕೊಂಡೇ ಹೊಡೆದು ನೋಡಿ. ಹೆಗಲು ನೋಯುವವರು ಅನಿಲದ ಕೋವಿ ಕೊಳ್ಳಲಿ. ಉಳಿದವರಿಗೆ ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ 870 ಸಾಕು. ಮಿಕ್ಕ ಹಣ ತೋಟಾಕ್ಕೂ ಅಭ್ಯಾಸಕ್ಕೂ ಇರಲಿ.