ಡಿಗಾಕ್ಸಿನ್: ಔಷಧಶಾಸ್ತ್ರಕ್ಕೆ ಒಂದು ಪ್ರವೇಶ

ಹೃದ್ರೋಗಿಗಳ ವಾರ್ಡಿನಲ್ಲಿ ಡಿಗಾಕ್ಸಿನ್ ಎಂಬ ಮಾತ್ರೆಯನ್ನು ಕೊಡುವುದಕ್ಕೆ ಮುಂಚೆ ದಾದಿಯು ರೋಗಿಯ ಎಡ ಎದೆಯ ಮೇಲೆ, ಹೃದಯದ ತುದಿಯು ಬಡಿಯುವ ಎಡೆಯಲ್ಲಿ, ಸ್ಟೆತಾಸ್ಕೋಪನ್ನಿಟ್ಟು, ಕೈಗಡಿಯಾರವನ್ನು ನೋಡುತ್ತ ಪೂರ್ತಿ ಒಂದು ನಿಮಿಷ ಬಡಿತವನ್ನು ಎಣಿಸುತ್ತಾಳೆ. ವಯಸ್ಕರಲ್ಲಿ ಆ ಎಣಿಕೆ 60ಕ್ಕಿಂತ ಕೆಳಗಿಳಿದಿದ್ದರೆ ಮಾತ್ರೆಯನ್ನು ತಡೆಹಿಡಿದು ವೈದ್ಯರಿಗೆ ತಿಳಿಸತಕ್ಕದ್ದೆಂಬುದು ರೂಢಿಯ ನಿಯಮ. ಜ್ವರಕ್ಕೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ 500 ಮಿಲಿಗ್ರಾಂ ಔಷಧವಿದ್ದರೆ, ಈ ಮಾತ್ರೆಯಲ್ಲಿರುವುದು ಸಾಮಾನ್ಯವಾಗಿ 0.25 ಮಿಲಿಗ್ರಾಂ, ಎಂದರೆ ಅದರ ಎರಡು ಸಾವಿರದಲ್ಲಿ ಒಂದು ಪಾಲು. ಇಷ್ಟು ಅಲ್ಪವಾದ ದ್ರವ್ಯಕ್ಕೆ ಇಷ್ಟು ಎಚ್ಚರವೇಕೆಂದು ನರ್ಸಿಂಗ್ ಅಥವಾ ಫಾರ್ಮಸಿ ತರಗತಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿ ಕೇಳಿದರೆ, ಅದಕ್ಕೆ ಕೊಡಬೇಕಾದ ಉತ್ತರದೊಳಗೆ ಔಷಧಶಾಸ್ತ್ರದ ಮೂಲ ಪರಿಭಾಷೆಯು ಹೆಚ್ಚುಕಡಿಮೆ ಎಲ್ಲವೂ ಬಂದುಬಿಡುತ್ತದೆ.

ಈ ಔಷಧದ ಮೂಲ ಯೂರೋಪಿನ ಫಾಕ್ಸ್‌ಗ್ಲವ್ ಎಂಬ ಗಿಡ. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತಿದ್ದ, ಸಸ್ಯಶಾಸ್ತ್ರದಲ್ಲಿಯೂ ಪಾರಂಗತನಾಗಿದ್ದ ವಿಲಿಯಂ ವಿದರಿಂಗ್ ಎಂಬಾತನಿಗೆ 1775ರಲ್ಲಿ, ಶ್ರಾಪ್‌ಷೈರ್ ಪ್ರಾಂತದ ಮುದುಕಿಯೊಬ್ಬಳು ಗುಟ್ಟಾಗಿ ಕಾಪಾಡಿಕೊಂಡು ಬಂದಿದ್ದ, ಮೈಯಲ್ಲಿ ನೀರು ತುಂಬಿ ಬಾತುಕೊಂಡವರಿಗೆ ಕೊಡುವ ಮನೆಮದ್ದೊಂದರ ವಿಷಯ ತಿಳಿಯಿತು. ಇಪ್ಪತ್ತು ಅಥವಾ ಅದಕ್ಕೂ ಹೆಚ್ಚಿನ ಮೂಲಿಕೆಗಳು ಕೂಡಿದ್ದ ಆ ಮದ್ದಿನಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದುದು ಫಾಕ್ಸ್‌ಗ್ಲವ್ ಒಂದೇ ಎಂದು ಆತನು ಗುರುತಿಸಿದನು; ಆಮೇಲೆ ಹತ್ತು ವರ್ಷಗಳ ಕಾಲ ಅದನ್ನು ರೋಗಿಗಳಿಗೆ ಕೊಟ್ಟು, ಗುಣವಾದವರ ವೃತ್ತಾಂತದೊಡನೆ ಗುಣವಾಗದವರ ವೃತ್ತಾಂತವನ್ನೂ ಮುಚ್ಚಿಡದೆ ಬರೆದು, 1785ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಗಿಡದ ಯಾವ ಭಾಗವನ್ನು ಯಾವ ಋತುವಿನಲ್ಲಿ ಕೊಯ್ಯಬೇಕು, ಒಣಗಿಸಿ ಪುಡಿಮಾಡಿದ ಎಲೆಯನ್ನು ಎಷ್ಟು ತೂಕದಲ್ಲಿ ಕೊಡಬೇಕು, ಮೂತ್ರಪಿಂಡ, ಹೊಟ್ಟೆ, ನಾಡಿ, ಕರುಳು ಇವುಗಳಲ್ಲಿ ಯಾವುದೊಂದರ ಮೇಲಾದರೂ ಪರಿಣಾಮವು ಕಾಣಿಸಿಕೊಂಡೊಡನೆ ಹೇಗೆ ನಿಲ್ಲಿಸಬೇಕು, ಮಿತಿಮೀರಿದರೆ ರೋಗಿಗೆ ಕಂಡದ್ದೆಲ್ಲ ಹೇಗೆ ಹಸುರಾಗಿ ಹಳದಿಯಾಗಿ ತೋರುತ್ತದೆ ಎಂಬುದನ್ನೆಲ್ಲ ಆತನು ವಿವರವಾಗಿ ದಾಖಲಿಸಿದ್ದಾನೆ. ಎಲೆಯ ಪುಡಿಯಲ್ಲಿದ್ದ ಒಂದು ತೊಡಕೆಂದರೆ ಅದರ ಬಲವು ಗಿಡದಿಂದ ಗಿಡಕ್ಕೆ ಬದಲಾಗುತ್ತಿತ್ತು. ಅದೇ ಕುಲದ ಇನ್ನೊಂದು ಗಿಡದಿಂದ ಸಿಡ್ನಿ ಸ್ಮಿತ್ ಎಂಬ ರಸಾಯನಜ್ಞನು 1930ರಲ್ಲಿ ಡಿಗಾಕ್ಸಿನ್ನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ಮೇಲೆ ಅದನ್ನು ಮೈಕ್ರೊಗ್ರಾಂ ಲೆಕ್ಕದಲ್ಲಿ ತೂಗಿ ಕೊಡುವುದು ಸಾಧ್ಯವಾಯಿತು.

ಔಷಧವು ದೇಹಕ್ಕೆ ಏನು ಮಾಡುತ್ತದೆ, ದೇಹವು ಔಷಧಕ್ಕೆ ಏನು ಮಾಡುತ್ತದೆ ಎಂಬ ಎರಡು ಪ್ರಶ್ನೆಗಳ ಮೇಲೆ ಈ ಶಾಸ್ತ್ರವೆಲ್ಲ ನಿಂತಿದೆ. ಮೊದಲನೆಯದನ್ನು ವಿಚಾರಿಸುವ ಭಾಗಕ್ಕೆ ಫಾರ್ಮಕೊಡೈನಮಿಕ್ಸ್ ಎಂದೂ ಎರಡನೆಯದನ್ನು ವಿಚಾರಿಸುವ ಭಾಗಕ್ಕೆ ಫಾರ್ಮಕೊಕೈನೆಟಿಕ್ಸ್ ಎಂದೂ ಹೆಸರು.

ಮೊದಲನೆಯದನ್ನು ನೋಡೋಣ. ಜೀವಕೋಶದ ಪೊರೆಯಲ್ಲಿ ಸೋಡಿಯಮ್ಮನ್ನು ಹೊರಕ್ಕೆ ದಬ್ಬಿ ಪೊಟ್ಯಾಸಿಯಮ್ಮನ್ನು ಒಳಕ್ಕೆ ಎಳೆದುಕೊಳ್ಳುವ ಕಿಣ್ವವೊಂದು ಉಂಟು; ಸೋಡಿಯಂ-ಪೊಟ್ಯಾಸಿಯಂ ಪಂಪು ಎಂದು ಪ್ರಸಿದ್ಧವಾಗಿರುವ ಇದನ್ನು 1957ರಲ್ಲಿ ವರ್ಣಿಸಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ 1997ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕದ ಪಾಲು ದೊರಕಿತು. ಡಿಗಾಕ್ಸಿನ್ ಈ ಪಂಪಿಗೆ ಅಂಟಿಕೊಂಡು ಅದನ್ನು ತಡೆಯುತ್ತದೆ. ಕೋಶದೊಳಗೆ ಸೋಡಿಯಂ ಹೆಚ್ಚಿದಂತೆ ಕ್ಯಾಲ್ಸಿಯಂ ಹೊರಹೋಗುವುದು ಕಡಿಮೆಯಾಗಿ, ಉಳಿದ ಕ್ಯಾಲ್ಸಿಯಮ್ಮಿನ ಬಲದಿಂದ ಹೃದಯದ ಸ್ನಾಯು ಇನ್ನಷ್ಟು ಬಿಗಿಯಾಗಿ ಸಂಕುಚಿಸುತ್ತದೆ; ಅದರ ಜೊತೆಗೆ ವೇಗಸ್ ನರದ ಪ್ರಭಾವವು ಹೆಚ್ಚಿ ಬಡಿತ ನಿಧಾನವಾಗುತ್ತದೆ. ಹೀಗೆ ಔಷಧವು ಹೋಗಿ ಕೂಡುವ ಅಣುವಿಗೆ ಟಾರ್ಗೆಟ್ ಎನ್ನುತ್ತಾರೆ. ಅನೇಕ ಔಷಧಗಳಿಗೆ ಆ ಸ್ಥಾನವು ರಿಸೆಪ್ಟರ್ ಎಂಬ ಗ್ರಾಹಕವಾಗಿರುತ್ತದೆ. ಗ್ರಾಹಕವನ್ನು ಪ್ರಚೋದಿಸುವ ಸಾಲ್ಬುಟಮಾಲಿನಂಥವು ಅಗೊನಿಸ್ಟ್‌ಗಳು, ಅಲ್ಲಿ ಕುಳಿತು ಬೇರೆಯದಕ್ಕೆ ಎಡೆಗೊಡದ ಪ್ರೊಪ್ರನೊಲಾಲಿನಂಥವು ಆಂಟಗೊನಿಸ್ಟ್‌ಗಳು.

ಕಾಲು ಮಿಲಿಗ್ರಾಮಿನಲ್ಲಿಯೇ ಕೆಲಸ ಮಾಡುವ ಔಷಧಕ್ಕೆ ಪೊಟೆನ್ಸಿ ಹೆಚ್ಚೆಂದು ಹೇಳುತ್ತಾರೆ. ಆದರೆ ಸ್ವಲ್ಪದರಲ್ಲಿ ಪರಿಣಾಮ ತೋರಿಸುವುದು ಬೇರೆ, ಗರಿಷ್ಠವಾಗಿ ಎಷ್ಟು ಪರಿಣಾಮವನ್ನು ತೋರಿಸಬಲ್ಲದೆಂಬುದು ಬೇರೆ. ಈ ಎರಡನೆಯದಕ್ಕೆ ಎಫಿಕಸಿ ಎಂದು ಹೆಸರು. ಇವೆರಡಕ್ಕಿಂತಲೂ ದಾದಿಯ ಎಚ್ಚರಕ್ಕೆ ನೇರವಾಗಿ ಕಾರಣವಾದುದು ಚಿಕಿತ್ಸಾ ಸೂಚ್ಯಂಕ: ಪ್ರಯೋಗಕ್ಕೊಳಗಾದವರಲ್ಲಿ ಅರ್ಧದಷ್ಟು ಮಂದಿಗೆ ವಿಷಲಕ್ಷಣವನ್ನುಂಟುಮಾಡುವ ಪ್ರಮಾಣವನ್ನು, ಅರ್ಧದಷ್ಟು ಮಂದಿಗೆ ಗುಣವನ್ನುಂಟುಮಾಡುವ ಪ್ರಮಾಣದಿಂದ ಭಾಗಿಸಿದಾಗ ಬರುವ ಅಂಕಿ. ಅದು ದೊಡ್ಡದಾದಷ್ಟೂ ಔಷಧವು ನಿರಪಾಯ. ಡಿಗಾಕ್ಸಿನ್ನಿನ ವಿಷಯದಲ್ಲಿ ಅದು ತೀರ ಚಿಕ್ಕದು. ರಕ್ತದ ಪ್ರತಿ ಮಿಲಿಲೀಟರಿನಲ್ಲಿ 0.5 ನ್ಯಾನೊಗ್ರಾಮಿನಿಂದ ಗುಣವು ತೋರತೊಡಗಿದರೆ, 2 ನ್ಯಾನೊಗ್ರಾಮನ್ನು ದಾಟುವಷ್ಟರಲ್ಲಿ ಅಪಾಯವು ಬಾಗಿಲಿಗೆ ಬಂದಿರುತ್ತದೆ. ಹೃದಯವೈಫಲ್ಯದ ರೋಗಿಗಳಲ್ಲಿ ಒಂದು ನ್ಯಾನೊಗ್ರಾಮಿನೊಳಗೇ ನಿಲ್ಲಿಸುವುದು ಲೇಸೆಂಬುದು ಇಂದಿನ ವೈದ್ಯರ ಅಭಿಮತ.

ಇನ್ನು ದೇಹದ ಕಡೆಯ ಲೆಕ್ಕ. ನುಂಗಿದ ಮಾತ್ರೆಯಲ್ಲಿ ರಕ್ತವನ್ನು ನಿಜವಾಗಿ ಸೇರುವ ಪಾಲಿಗೆ ಜೈವಿಕ ಲಭ್ಯತೆ ಎನ್ನುತ್ತಾರೆ. ಡಿಗಾಕ್ಸಿನ್ ಮಾತ್ರೆಗಳಲ್ಲಿ ಇದು ಸಾಧಾರಣವಾಗಿ ನೂರಕ್ಕೆ 60ರಿಂದ 80. ಕೆಲವು ಔಷಧಗಳು ಕರುಳಿನಿಂದ ಹೊರಟು ಯಕೃತ್ತನ್ನು ಹಾಯುವಾಗಲೇ ಬಹುಮಟ್ಟಿಗೆ ನಾಶವಾಗುತ್ತವೆ. ಎದೆನೋವಿಗೆ ಕೊಡುವ ನೈಟ್ರೇಟ್ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಹೇಳುವುದು ಆ ಹಾದಿಯನ್ನು ತಪ್ಪಿಸುವುದಕ್ಕೂ ಗುಣವು ಬೇಗ ತೋರುವುದಕ್ಕೂ. ಡಿಗಾಕ್ಸಿನ್ನಿಗೆ ತೊಂದರೆ ಬೇರೆಡೆಯಿಂದ ಬಂತು. ಒಂದೇ ತೂಕದ ಔಷಧವಿದ್ದರೂ ಬೇರೆಬೇರೆ ತಯಾರಿಕೆಯ ಮಾತ್ರೆಗಳನ್ನು ನುಂಗಿದವರ ರಕ್ತದಲ್ಲಿ ಅದರ ಮಟ್ಟವು ಏಳು ಪಟ್ಟಿನವರೆಗೂ ಭಿನ್ನವಾಗಿರಬಹುದೆಂದು 1971ರಲ್ಲಿ ಲಿಂಡೆನ್‌ಬಾಮ್ ಮತ್ತು ಸಂಗಡಿಗರು ಅಮೆರಿಕದಲ್ಲಿ ತೋರಿಸಿಕೊಟ್ಟರು. ಮಾತ್ರೆಯು ಕರುಳಿನಲ್ಲಿ ಎಷ್ಟು ಚೆನ್ನಾಗಿ ಕರಗುತ್ತದೆಂಬುದನ್ನು ಪರೀಕ್ಷಿಸುವ ಕಟ್ಟುನಿಟ್ಟುಗಳಿಗೆ ಇಂಥ ಅನುಭವಗಳೇ ಪ್ರೇರಣೆಯಾದುವು. ಅಲ್ಲದೆ, ಸುಮಾರು ಹತ್ತರಲ್ಲಿ ಒಬ್ಬರ ಕರುಳಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಡಿಗಾಕ್ಸಿನ್ನನ್ನು ಗಣನೀಯವಾಗಿ ನಿಷ್ಕ್ರಿಯಗೊಳಿಸುತ್ತದೆ. ಅಂಥವರಿಗೆ ಬೇರಾವುದೋ ಸೋಂಕಿಗೆಂದು ಎರಿತ್ರೊಮೈಸಿನ್ ಕೊಟ್ಟರೆ ಬ್ಯಾಕ್ಟೀರಿಯಾ ಸತ್ತು, ನಿನ್ನೆಯವರೆಗೆ ಹಿತವಾಗಿದ್ದ ಪ್ರಮಾಣವೇ ಇಂದು ಅಧಿಕವಾಗುತ್ತದೆ.

ರಕ್ತವನ್ನು ಸೇರಿದ ಔಷಧವು ಅಲ್ಲಿಯೇ ನಿಲ್ಲುವುದಿಲ್ಲ. ದೇಹದಲ್ಲಿ ಒಟ್ಟು 500 ಮೈಕ್ರೊಗ್ರಾಂ ಡಿಗಾಕ್ಸಿನ್ ಇರುವ ವ್ಯಕ್ತಿಯ ರಕ್ತವನ್ನು ಪರೀಕ್ಷಿಸಿದಾಗ ಲೀಟರಿಗೆ ಒಂದು ಮೈಕ್ರೊಗ್ರಾಂ ಮಾತ್ರ ಕಂಡಿತೆನ್ನಿ. ಲೆಕ್ಕದ ಪ್ರಕಾರ ಅದು 500 ಲೀಟರ್ ದ್ರವದಲ್ಲಿ ಹರಡಿರಬೇಕು. ಆದರೆ 70 ಕಿಲೋ ತೂಕದ ಮನುಷ್ಯನ ದೇಹದಲ್ಲಿರುವ ನೀರೆಲ್ಲ ಸೇರಿ ಸುಮಾರು 42 ಲೀಟರ್. ಈ ಅಸಂಗತವಾದ ಉತ್ತರದ ತಾತ್ಪರ್ಯವೇನೆಂದರೆ ಔಷಧದ ಬಹುಭಾಗವು ರಕ್ತವನ್ನು ಬಿಟ್ಟು ಮಾಂಸಖಂಡಗಳಲ್ಲಿಯೂ ಹೃದಯದಲ್ಲಿಯೂ ಅಂಟಿಕೊಂಡಿದೆ. ಈ ಕಲ್ಪಿತ ಗಾತ್ರಕ್ಕೆ ವಾಲ್ಯೂಮ್ ಆಫ್ ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. ಡಿಗಾಕ್ಸಿನ್ ಹೆಚ್ಚಾದಾಗ ಡಯಾಲಿಸಿಸ್ ಮಾಡಿ ಪ್ರಯೋಜನವಿಲ್ಲವೆಂಬುದಕ್ಕೂ, ಮಾತ್ರೆ ನುಂಗಿ ಆರು ಗಂಟೆಯಾದರೂ ಕಳೆಯದೆ ರಕ್ತವನ್ನು ತೆಗೆಯಬಾರದೆಂಬುದಕ್ಕೂ ಇದೇ ಕಾರಣ. ಮೊದಲ ಗಂಟೆಗಳಲ್ಲಿ ರಕ್ತದ ಮಟ್ಟವು ಹೃದಯದ ಸ್ಥಿತಿಯನ್ನು ತಿಳಿಸದೆ ದಾರಿತಪ್ಪಿಸುತ್ತದೆ.

ದೇಹದಲ್ಲಿ ಔಷಧವು ಅರ್ಧಕ್ಕಿಳಿಯಲು ಹಿಡಿಯುವ ಕಾಲವೇ ಅರ್ಧಾಯು. ಮೂತ್ರಪಿಂಡಗಳು ಸರಿಯಾಗಿದ್ದರೆ ಡಿಗಾಕ್ಸಿನ್ನಿಗೆ ಅದು 36ರಿಂದ 48 ಗಂಟೆ. ತಳದಲ್ಲಿ ತೂತಿರುವ ತೊಟ್ಟಿಗೆ ನೀರು ಬಿಟ್ಟಾಗ, ಒಳಬರುವ ನೀರಿಗೂ ಸೋರಿಹೋಗುವ ನೀರಿಗೂ ಸರಿಹೊಂದುವವರೆಗೆ ಮಟ್ಟವು ಏರಿ ಆಮೇಲೆ ನಿಲ್ಲುವಂತೆ, ದಿನವೂ ಕೊಡುವ ಔಷಧವೂ ಸುಮಾರು ಐದು ಅರ್ಧಾಯುಗಳಲ್ಲಿ, ಇಲ್ಲಿಯ ಲೆಕ್ಕಕ್ಕೆ ಒಂದು ವಾರದಿಂದ ಹತ್ತು ದಿನಗಳೊಳಗೆ, ಸ್ಥಿರವಾದ ಮಟ್ಟವನ್ನು ಮುಟ್ಟುತ್ತದೆ. ಅಷ್ಟು ಕಾಯಲಾಗದ ರೋಗಿಗೆ ಮೊದಲೇ ಹೆಚ್ಚಾಗಿ ಕೊಡುವುದು ಲೋಡಿಂಗ್ ಡೋಸ್. ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವರಲ್ಲಾದರೋ ಅರ್ಧಾಯು ನಾಲ್ಕು ಐದು ದಿನಗಳಿಗೆ ಬೆಳೆಯುತ್ತದೆ, ಏಕೆಂದರೆ ಈ ಔಷಧದ ಬಹುಪಾಲು ರೂಪಾಂತರ ಹೊಂದದೆ ಮೂತ್ರದಲ್ಲಿಯೇ ಹೊರಬೀಳಬೇಕು.

ನಮ್ಮ ಅಂಗಳಗಳಲ್ಲಿ ದೇವರ ಪೂಜೆಗೆಂದು ಬೆಳೆಸುವ ಕಣಗಿಲೆಯಲ್ಲಿಯೂ ಡಿಗಾಕ್ಸಿನ್ನಿನ ವರ್ಗದ ದ್ರವ್ಯಗಳಿವೆ. ಅದನ್ನು ತಿಂದ ದನ ಸಾಯುತ್ತದೆಂದು ರೈತರು ಬಲ್ಲರು. ಅದು ಹೃದಯದ ಅದೇ ಪಂಪನ್ನು ತಡೆದು ಕೊಲ್ಲುತ್ತದೆಂಬುದು ಶಾಸ್ತ್ರವು ಕೂಡಿಸಿದ ತಿಳಿವಳಿಕೆ. ಇಂಥ ವಿಷಕ್ಕೆ ಪ್ರತಿಮದ್ದೂ ಉಂಟು. ಕುರಿಯ ದೇಹದಲ್ಲಿ ತಯಾರಾದ ಪ್ರತಿಕಾಯಗಳ ತುಣುಕುಗಳು ಡಿಗಾಕ್ಸಿನ್ನನ್ನು ಹಿಡಿದು ನಿರ್ವೀರ್ಯಗೊಳಿಸುವುದನ್ನು 1976ರಲ್ಲಿ ರೋಗಿಯೊಬ್ಬರಲ್ಲಿ ಮೊದಲು ತೋರಿಸಲಾಯಿತು; ಶ್ರೀಲಂಕೆಯಲ್ಲಿ ಹಳದಿ ಕಣಗಿಲೆಯ ವಿಷಕ್ಕೂ ಅವು ಫಲಕಾರಿಯೆಂದು ಸಿದ್ಧವಾಗಿದೆ.

ಎಂಬತ್ತು ದಾಟಿದ, ದಿನವೂ ಡಿಗಾಕ್ಸಿನ್ ಸೇವಿಸುವ ಅಜ್ಜಿಯೊಬ್ಬರನ್ನು ಊಟ ಸೇರುತ್ತಿಲ್ಲ, ವಾಂತಿಯಾಗುತ್ತಿದೆಯೆಂದು ಮನೆಯವರು ಆಸ್ಪತ್ರೆಗೆ ಕರೆತಂದರೆನ್ನಿ. ಮಾತ್ರೆ ಹಿಂದಿನದೇ, ಪ್ರಮಾಣವೂ ಹಿಂದಿನದೇ. ಆದುದರಿಂದ ತಪ್ಪು ಮಾತ್ರೆಯದಲ್ಲವೆಂದು ಮನೆಯವರು ತಿಳಿಯುವುದು ಸಹಜ. ಈ ಶಾಸ್ತ್ರವನ್ನು ಓದಿದ ವಿದ್ಯಾರ್ಥಿಯಾದರೋ ಕಾಲುಬಾವಿಗೆಂದು ಈಚೆಗೆ ಫ್ರೂಸೆಮೈಡ್ ಸೇರಿಸಿದ್ದಾರೆಯೇ ಎಂದು ಕೇಳಬೇಕು, ಏಕೆಂದರೆ ಅದರಿಂದ ರಕ್ತದ ಪೊಟ್ಯಾಸಿಯಂ ಕುಗ್ಗಿದರೆ ಅಷ್ಟೇ ಡಿಗಾಕ್ಸಿನ್ ಪಂಪನ್ನು ಇನ್ನಷ್ಟು ಬಲವಾಗಿ ಹಿಡಿಯುತ್ತದೆ. ಬಡಿತದ ಏರುಪೇರಿಗೆಂದು ಅಮಿಯೊಡರೋನ್ ಕೊಟ್ಟಿದ್ದಾರೆಯೇ ಎಂದು ಕೇಳಬೇಕು, ಏಕೆಂದರೆ ಅದು ಡಿಗಾಕ್ಸಿನ್ನಿನ ಮಟ್ಟವನ್ನು ಏರಿಸುತ್ತದೆ. ಮೂತ್ರಪಿಂಡದ ಕೆಲಸವನ್ನು ಅಳೆಯುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಅಂಕಿ ಸಹಜವಾಗಿದ್ದರೂ, ಮಾಂಸಖಂಡ ಸವೆದ ವೃದ್ಧಾಪ್ಯದಲ್ಲಿ ಮೂತ್ರಪಿಂಡದ ದೌರ್ಬಲ್ಯವು ಆ ಅಂಕಿಯಲ್ಲಿ ಕಾಣಿಸದೆ ಹೋಗಬಹುದೆಂದು ನೆನೆಯಬೇಕು. ದೃಷ್ಟಿಯಲ್ಲಿ ಹಳದಿ ಕಾಣುತ್ತಿದೆಯೇ ಎಂದು ಅಜ್ಜಿಯನ್ನೇ ವಿಚಾರಿಸಬೇಕು. ಅರ್ಧಾಯು, ಲಭ್ಯತೆ, ಸೂಚ್ಯಂಕ ಮೊದಲಾದ ಪದಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವನಿಗೆ ಈ ಪ್ರಶ್ನೆಗಳು ಹೊಳೆಯುವುದಿಲ್ಲ. ಔಷಧದ ಗುಣದಲ್ಲಿ ಅರ್ಧವು ಮಾತ್ರೆಯಲ್ಲಿದ್ದರೆ ಉಳಿದರ್ಧವು ಅದನ್ನು ನುಂಗಿದ ದೇಹದಲ್ಲಿದೆ, ಆ ದೇಹವು ತಿಂಗಳಿಂದ ತಿಂಗಳಿಗೆ ಬದಲಾಗುತ್ತಿದೆ ಎಂದು ಅರಿತು ಆ ಪದಗಳನ್ನು ಕಲಿತವನಿಗೆ ಇವು ತಾವಾಗಿಯೇ ಹೊಳೆಯುತ್ತವೆ.