ಏಳು ಗೋಲ್ ತಿಂದವರೇ ಕಪ್ ಎತ್ತಿದರು!

ಸಂತೋಷ್ ಎಂದರೆ ನಮ್ಮ ಹುಡುಗರಿಗೆ ಗೊತ್ತಿರೋದು ಒಂದೇ, ಕೆಂಪೇಗೌಡ ರಸ್ತೆಯ ಸಂತೋಷ್ ಟಾಕೀಸು! ಇನ್ನೊಂದು ಸಂತೋಷ್ ಇದೆ ಸ್ವಾಮಿ. ಸಂತೋಷ್ ಟ್ರೋಫಿ! 1941ರಲ್ಲಿ ಶುರುವಾದ, ರಾಜ್ಯ ರಾಜ್ಯಗಳ ನಡುವಿನ ಫುಟ್‌ಬಾಲ್ ಕಾಳಗ. 2023ರ ಮಾರ್ಚ್ 4ರಂದು ಕರ್ನಾಟಕ ಆ ಟ್ರೋಫಿ ಗೆದ್ದಾಗ ಗವಿಪುರದಲ್ಲಿ ಎಷ್ಟು ಜನ ಪಟಾಕಿ ಹೊಡೆದಿರಿ? ಕೈ ಎತ್ತಿ ನೋಡೋಣ!

ತಪ್ಪು ನಿಮ್ಮದಲ್ಲ ಬಿಡಿ. ಗವಿಪುರ, ಬಸವನಗುಡಿ ಅಂದರೆ ಕ್ರಿಕೆಟ್ಟಿನ ಸೀಮೆ. ಕುಂಬ್ಳೆ ಓದಿದ ನ್ಯಾಷನಲ್ ಕಾಲೇಜು ಇರೋದು ಇಲ್ಲೇ. ಫುಟ್‌ಬಾಲ್ ಏನಿದ್ದರೂ ದಂಡಿನ ಕಡೆಯವರ ಆಟ, ಹಲಸೂರು, ಆಸ್ಟಿನ್ ಟೌನ್ ಹುಡುಗರದ್ದು ಅಂತ ನಮ್ಮ ಕಡೆ ಮಾತು. ಗವಿ ಗಂಗಾಧರೇಶ್ವರನ ಮೇಲೆ ಸಂಕ್ರಾಂತಿ ಬಿಸಿಲು ವರ್ಷಕ್ಕೊಮ್ಮೆಯಾದರೂ ಬೀಳುತ್ತೆ. ನಮ್ಮ ಫುಟ್‌ಬಾಲ್ ಮೇಲೆ ಬೀಳೋಕೆ ಐವತ್ತನಾಲ್ಕು ವರ್ಷ ಬೇಕಾಯ್ತು!

ಈಗ ಕಥೆ ಕೇಳಿ. ಗಾಂಧಿನಗರದ ಯಾವ ಕಥೆಗಾರನೂ ಹೀಗೆ ಬರೆದಿರಲಾರ.

ರೀಲ್ ಒಂದು: 2022ರ ಏಪ್ರಿಲ್ 28, ಕೇರಳದ ಮಂಜೇರಿ. ಸೆಮಿಫೈನಲ್. ಎದುರಾಳಿ ಕೇರಳ, ಅದೂ ಅವರ ಮನೆಯಂಗಳದಲ್ಲಿ. ಮೊದಲ ಗೋಲು ನಮ್ಮದೇ! ಸುಧೀರ್ ಕೋಟಿಕೇಲ ಬಾರಿಸಿದ. ಆಮೇಲೆ ಕೇರಳದ ಕೋಚ್ ಬೆಂಚಿನಿಂದ ಜೆಸಿನ್ ಅನ್ನೋ ಹುಡುಗನನ್ನ ಇಳಿಸಿದರು ನೋಡಿ... ಒಂದಲ್ಲ, ಎರಡಲ್ಲ, ಐದು ಗೋಲು! ಅವನೊಬ್ಬನೇ! ಕೊನೆಗೆ ಲೆಕ್ಕ 7-3. ನಮ್ಮವರು ತಲೆ ತಗ್ಗಿಸಿ ಮನೆಗೆ, ಕೇರಳಕ್ಕೆ ಕಪ್. ಇಂಟರ್ವಲ್!

ರೀಲ್ ಎರಡು: 2023ರ ಫೆಬ್ರವರಿ, ಭುವನೇಶ್ವರ. ಹೊಸ ಕೋಚ್ ರವಿಬಾಬು ರಾಜು. ಗುಂಪಿನಲ್ಲಿ ಮತ್ತದೇ ಕೇರಳ, ಈಗ ಚಾಂಪಿಯನ್ ಪಟ್ಟ ಬೇರೆ. ಈ ಸಲ ನಮ್ಮವರು ಕೊಟ್ಟದ್ದು ಒಂದೇ ಏಟು. 1-0! ಹಿಂದಿನ ವರ್ಷದ ರಾಜರು ಗುಂಪಿನಲ್ಲೇ ಗಂಟುಮೂಟೆ ಕಟ್ಟಿದರು. ಏಳಕ್ಕೆ ಒಂದು ಸಮವೇ ಅಂತ ಕೇಳಬೇಡಿ, ಆ ಒಂದರ ರುಚಿಯೇ ಬೇರೆ.

ಕ್ಲೈಮ್ಯಾಕ್ಸ್ ಫಾರಿನ್ ಲೊಕೇಶನ್ನು! ಸೆಮಿಫೈನಲ್, ಫೈನಲ್ ಎರಡೂ ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಸೆಮಿಫೈನಲ್‌ನಲ್ಲಿ ಸರ್ವಿಸಸ್ ತಂಡವನ್ನು 3-1ರಿಂದ ಬಡಿದು ಬಂದರೆ, ಫೈನಲ್‌ನಲ್ಲಿ ಮೊದಲ ಸಲ ಅಲ್ಲಿಗೆ ಬಂದಿದ್ದ ಮೇಘಾಲಯ. ಆಟ ಶುರುವಾಗಿ ಜನ ಸರಿಯಾಗಿ ಕೂತಿರಲಿಲ್ಲ, ಸುನಿಲ್ ಕುಮಾರ್ ಗೋಲು! ಕೂಡಲೇ ಪೆನಾಲ್ಟಿಯಲ್ಲಿ ಅವರದ್ದೊಂದು. ಬೇಕೀ ಓರಾಂ ಮತ್ತೆ ಮುಂದೆ ತಂದ. ಅರ್ಧ ಆಟದ ಸೀಟಿ ಊದೋ ಹೊತ್ತಿಗೆ ರಾಬಿನ್ ಯಾದವ್ ಫ್ರೀಕಿಕ್ ಒದ್ದ ನೋಡಿ, 3-1! ಆದರೆ ಅರವತ್ತನೇ ನಿಮಿಷದಲ್ಲಿ ಮೇಘಾಲಯ ಇನ್ನೊಂದು ಹೊಡೆಯಿತು. 3-2! ಉಳಿದ ಅರ್ಧ ಗಂಟೆ ಉಗುರು ಕಚ್ಚೋದೇ ಕೆಲಸ. ನಮ್ಮ ಹುಡುಗರು ಗೋಡೆಯಂತೆ ನಿಂತರು, ಗೆದ್ದರು.

ಹಿಂದೆ ಗೆದ್ದದ್ದು 1968-69ರಲ್ಲಿ. ಆಗ ನಮ್ಮ ರಾಜ್ಯದ ಹೆಸರು ಮೈಸೂರು. ಅಣ್ಣಾವ್ರ 'ಜೇಡರ ಬಲೆ' ಬಂದ ಕಾಲ!

ಯಾದವ್, ಓರಾಂ ಎಂಬ ಹೆಸರು ನೋಡಿ ‘ಇವರು ನಮ್ಮೋರಾ?’ ಅಂತ ಮೂಗು ಮುರೀಬೇಡಿ. ಬೆಂಗಳೂರಲ್ಲಿ ಹುಟ್ಟಿದ ಅಹ್ಮದ್ ಖಾನ್ ಕಲ್ಕತ್ತಾಕ್ಕೆ ಹೋಗಿ ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವ’ರಲ್ಲಿ ಒಬ್ಬರಾದಾಗ ಬಂಗಾಳಿಗಳು ಜಾತಕ ಕೇಳಲಿಲ್ಲ, ಹೆಗಲ ಮೇಲೆ ಹೊತ್ತರು.

ಬೇಜಾರಿನ ಮಾತೂ ಒಂದಿದೆ. ಆ ಕಾಲದಲ್ಲಿ ಕಾಲೇಜ್ ಟೀಮಿನಲ್ಲಿ ಚೆನ್ನಾಗಿ ಆಡೋ ಹುಡುಗನಿಗೆ ಐಟಿಐ, ಎಚ್‌ಎಎಲ್ ಕಾರ್ಖಾನೆಗಳ ಮೇಲೆ ಕಣ್ಣು. ಕಾಲಲ್ಲಿ ಆಟ ಇದ್ದರೆ ಕೈಗೆ ಸಂಬಳ! ಆ ಐಟಿಐ ತಂಡವೇ 1977ರಲ್ಲಿ, 'ಬಬ್ರುವಾಹನ' ಬಂದ ವರ್ಷ, ಮೊಟ್ಟಮೊದಲ ಫೆಡರೇಷನ್ ಕಪ್ ಫೈನಲ್‌ನಲ್ಲಿ ಮೋಹನ್ ಬಗಾನ್‌ನಂಥ ಆನೆಯನ್ನು 1-0ಯಿಂದ ಕೆಡವಿತ್ತು. ಈಗ ಕಾರ್ಖಾನೆಗಳಲ್ಲಿ ಆ ಬಾಗಿಲು ಅಷ್ಟು ಸಲೀಸಾಗಿ ತೆರೆಯಲ್ಲ. ಡಿಗ್ರಿ ಮುಗಿದ ದಿನ ‘ಬೂಟು ಬಿಚ್ಚಿಡು, ಕೆಲಸ ನೋಡು’ ಅನ್ನೋ ಅಪ್ಪನಿಗೆ ಹುಡುಗ ಏನು ಉತ್ತರ ಹೇಳಬೇಕು? ರಿಯಾದ್‌ನ ಆ 3-2 ತೋರಿಸಬಹುದು. ಅಪ್ಪ ಒಪ್ಪುತ್ತಾರೋ ಇಲ್ಲವೋ, ಅದು ಬೇರೆ ವಿಷಯ.

ಹಿಂದಿಯವರು 2024ರಲ್ಲಿ ಕೋಚ್ ರಹೀಮ್ ಸಾಹೇಬರ ಮೇಲೆ 'ಮೈದಾನ್' ತೆಗೆದರು, ಅಜಯ್ ದೇವಗನ್ ಹೀರೋ. ಅದೇ ರಹೀಮ್ ಗರಡಿಯಲ್ಲಿ ಪಳಗಿ 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿ ನಮ್ಮ ಕೆಂಪಯ್ಯನವರೂ ಇದ್ದರು! ಹಾಗಾದರೆ ಮಂಜೇರಿಯಿಂದ ರಿಯಾದ್‌ವರೆಗಿನ ಕಥೆಯನ್ನ ಕನ್ನಡದಲ್ಲಿ ತೆಗೆಯೋ ಧೈರ್ಯವಂತರು ಯಾರಪ್ಪಾ? ಫೈಟು ಉಂಟು, ಸೇಡು ಉಂಟು, ಫಾರಿನ್ ಕ್ಲೈಮ್ಯಾಕ್ಸೂ ಉಂಟು. ‘ಹೀರೋಯಿನ್ ಎಲ್ಲಿ ಸಾರ್?’ ಅಂತ ನಿರ್ಮಾಪಕರು ಕೇಳ್ತಾರೆ. ಗವಿಪುರದ ಹುಡುಗಿ ಅಂತ ಬರ್ಕೊಳ್ಳಿ, ಮಿಕ್ಕಿದ್ದು ಆಮೇಲೆ ನೋಡೋಣ!